ಆ ಧಾರಾವಾಹಿಯ ಹಿಂದೊಂದು ಪತ್ರಿಕೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಟರ್ಕಿಯ 'ಅಷ್ಕ್-ಇ ಮೆಮ್ನು' ಧಾರಾವಾಹಿ ನೋಡಿ ಮುಗಿಸಿದೆ, ಅದರ ನಾಯಕಿ ಬಿಹ್ತೆರಳ ಕಥೆ ಇನ್ನೂ ಮನಸ್ಸಿನಿಂದ ಇಳಿದಿಲ್ಲ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಪತ್ರ. ಆ ಕಥೆಗೆ ನೂರಿಪ್ಪತ್ತು ವರ್ಷ ದಾಟಿದೆ. ಹಾಲಿತ್ ಜಿಯಾ ಉಷಾಕ್ಲಿಗಿಲ್ ಬರೆದ ಆ ಕಾದಂಬರಿ 1899-1900ರಲ್ಲಿ ಇಸ್ತಾಂಬುಲ್‌ನ 'ಸೆರ್ವೆತ್-ಇ ಫುನೂನ್' ಎಂಬ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದು. ನನ್ನ ಮನಸ್ಸು ಹಿಡಿದಿರುವುದು ಆ ಪತ್ರಿಕೆಯೇ.

1891ರಲ್ಲಿ ಅದನ್ನು ಶುರುಮಾಡಿದ್ದು ಅಹ್ಮೆತ್ ಇಹ್ಸಾನ್ ಎಂಬ ತರುಣ. ಮೊದಮೊದಲು ವಿಜ್ಞಾನ, ಲೋಕಸುದ್ದಿ, ಚಿತ್ರಗಳು. 1896ರಲ್ಲಿ ಕವಿ ತೆವ್ಫಿಕ್ ಫಿಕ್ರೆತ್ ಸಂಪಾದಕನಾಗಿ ಬಂದ ಮೇಲೆ ಅದರ ಚಹರೆಯೇ ಬದಲಾಯಿತು. ಹೊಸ ಬಗೆಯ ಕವಿತೆ, ಹೊಸ ಬಗೆಯ ಕಾದಂಬರಿ, ವಿಮರ್ಶೆ ಎಲ್ಲಕ್ಕೂ ಅದೇ ಮನೆಯಾಯಿತು. ಅಲ್ಲಿ ಬರೆಯುತ್ತಿದ್ದವರ ಬಳಗಕ್ಕೆ ಪತ್ರಿಕೆಯ ಹೆಸರೇ ಅಂಟಿಕೊಂಡಿತು. ಟರ್ಕಿಯ ಆಧುನಿಕ ಸಾಹಿತ್ಯ ಅಲ್ಲಿಯೇ ಅಕ್ಷರಾಭ್ಯಾಸ ಮಾಡಿತು ಅಂದರೆ ಹೆಚ್ಚಾಗಲಾರದು ಅಂತ ನನ್ನ ನಂಬಿಕೆ.

ಕಾಲ ಮಾತ್ರ ಸುಲಭದ್ದಲ್ಲ. ಸುಲ್ತಾನ್ ಎರಡನೇ ಅಬ್ದುಲ್ ಹಮೀದನ ಆಳ್ವಿಕೆ; ಸ್ವಾತಂತ್ರ್ಯ, ತಾಯ್ನಾಡು ಎಂಬ ಮಾತುಗಳನ್ನೇ ಸರ್ಕಾರದ ಕತ್ತರಿ ಬಿಡುತ್ತಿರಲಿಲ್ಲ. ಹೊರಗಿನದನ್ನು ಬರೆಯಲಾಗದವರು ಒಳಗಿನದನ್ನು ಬರೆದರು. ಮುರಿದ ಮನಸ್ಸು, ಮನೆಯೊಳಗಿನ ಉಸಿರುಗಟ್ಟು, ಕೈಗೂಡದ ಕನಸು. ಧಾರಾವಾಹಿಯಲ್ಲಿ ನೀನು ಕಂಡ ಆ ಬಂಗಲೆಯ ಬಿಕ್ಕಟ್ಟಿಗೂ ಇದೇ ಗಾಳಿ ಸೋಕಿದೆ. ನನ್ನನ್ನು ತುಂಬ ಕಾಡಿದ ಸಂಗತಿ ಒಂದಿದೆ: ಬೇಸತ್ತ ಈ ಗೆಳೆಯರು ಕೂಡಿ ದೂರದ ನ್ಯೂಜಿಲೆಂಡಿಗೆ ಹೋಗಿ ನೆಲೆಸುವ ಯೋಚನೆ ಮಾಡಿದ್ದರು! ಅದಾಗದೆ, ಟರ್ಕಿಯದೇ ಮನಿಸಾ ಸೀಮೆಯ ಹಳ್ಳಿಯೊಂದರಲ್ಲಾದರೂ ಒಟ್ಟಿಗೆ ಬದುಕೋಣ ಎಂದುಕೊಂಡರು. ಅದೂ ಆಗಲಿಲ್ಲ.

1901ರಲ್ಲಿ ಫಿಕ್ರೆತ್ ಮುನಿಸಿಕೊಂಡು ಪತ್ರಿಕೆ ಬಿಟ್ಟ. ಅದೇ ವರ್ಷ ಬಳಗದ ಲೇಖಕ ಹುಸೇನ್ ಜಾಹಿತ್ ಫ್ರೆಂಚಿನಿಂದ ಅನುವಾದಿಸಿದ ಲೇಖನವೊಂದರಲ್ಲಿ ಫ್ರಾನ್ಸಿನ ಕ್ರಾಂತಿಯ ಪ್ರಸ್ತಾಪ ಬಂತೆಂದು ಪತ್ರಿಕೆಗೆ ಬೀಗ ಬಿತ್ತು. ಕೆಲವೇ ವಾರಗಳಲ್ಲಿ ಮತ್ತೆ ತೆರೆದರೂ ಬಳಗ ಚದುರಿಹೋಗಿತ್ತು. ಪತ್ರಿಕೆ 1944ರವರೆಗೂ ನಡೆಯಿತು.

1928ರಲ್ಲಿ ಟರ್ಕಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ಹಿಡಿಯಿತು. ಓದು ಕಲಿಯುವುದು ಜನಕ್ಕೆ ಹಗುರಾಯಿತು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಹಳೆಯ ಸಂಚಿಕೆಗಳು ಮೊಮ್ಮಕ್ಕಳಿಗೆ ಬರೀ ಗೀಟುಗಳಾಗಿ ಉಳಿದವು. ಅರಬ್ಬಿ, ಫಾರಸಿ ಪದಗಳಿಂದ ತುಂಬಿದ ಆ ಭಾಷೆಯನ್ನು ಅಲ್ಲಿನವರು ಇಂದು ಸರಳಗೊಳಿಸಿದ ಆವೃತ್ತಿಗಳಲ್ಲೇ ಹೆಚ್ಚಾಗಿ ಓದುವುದು. ಪಂಪನನ್ನು ನಾವೂ ಅರ್ಥ ಬಿಡಿಸುವ ಟೀಕೆ ಇಟ್ಟುಕೊಂಡೇ ಓದುತ್ತೇವೆ, ಆದರೆ ಕನಿಷ್ಠ ಅಕ್ಷರ ನಮ್ಮದೇ. ಅಜ್ಜ ಓದಿದ ಪುಟವನ್ನು ಮೊಮ್ಮಗ ಎತ್ತಿಕೊಂಡು ಅಕ್ಷರವನ್ನೂ ಕೂಡಿಸಲಾರದೆ ಕೂರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇಸ್ತಾಂಬುಲ್‌ಗೆ ಹೋಗುವ ಆಸೆ ನಿನಗಿದೆ. ಹೋದರೆ ರುಮೇಲಿ ಹಿಸಾರಿಯ ದಿಬ್ಬದಲ್ಲಿರುವ 'ಆಶಿಯಾನ್' ನೋಡದೆ ಬರಬೇಡ. ಫಿಕ್ರೆತ್ ತಾನೇ ನಕ್ಷೆ ಬರೆದು ಕಟ್ಟಿಸಿಕೊಂಡ ಮನೆ, ಕೆಳಗೆ ಬಾಸ್ಫರಸ್ ಜಲಸಂಧಿ, ಈಗ ಮ್ಯೂಸಿಯಂ. ಮಂಜು ಮುಸುಕಿದ ರಾಜಧಾನಿಯನ್ನು ಶಪಿಸಿ ಅವನು ಬರೆದ 'ಸಿಸ್' (ಮಂಜು) ಕವಿತೆ ಅಚ್ಚಾಗುವಂತಿರಲಿಲ್ಲ, ಕೈಬರಹದಲ್ಲೇ ಕೈಯಿಂದ ಕೈಗೆ ಹರಿದಾಡಿತು. ಅದನ್ನು ಓದಿ ಪ್ರೇರಿತನಾಗಿ ಅದೇ ಹೆಸರಿನ ಚಿತ್ರ ಬರೆದವನು ಸುಲ್ತಾನರ ವಂಶದ ಅಬ್ದುಲ್ ಮಜೀದ್, ಮುಂದೆ ಕೊನೆಯ ಖಲೀಫನಾದವನು. ಆ ಚಿತ್ರ ಆ ಮನೆಯಲ್ಲೇ ಇದೆ.

ಉತ್ತರ ಬರೆ.

ನಿನ್ನ ಗೆಳೆಯ