ಬಜೆಟ್ ಚರ್ಚೆ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಸೇನೆಯ ಖರ್ಚನ್ನು ಕಡಿತಗೊಳಿಸಿ ಶಾಲೆಗಳಿಗೆ ಕೊಡಬೇಕೆಂಬ ಸಂದೇಶಗಳು ಗುಂಪಿನಲ್ಲಿ ಹರಿದಾಡುತ್ತಿರುವುದರಿಂದ, ಭಾನುವಾರ ಮಡಿಕೇರಿಯಲ್ಲಿ ಸೇರುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸಬೇಕಾಗಿ ಕೋರುತ್ತೇನೆ.

2025-26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ, ಶಿಕ್ಷಣ ಸಚಿವಾಲಯಕ್ಕೆ ಸುಮಾರು 1.28 ಲಕ್ಷ ಕೋಟಿ ರೂಪಾಯಿ ಮೀಸಲಾಗಿತ್ತು. ಆದರೆ ರಕ್ಷಣೆಯ ಮೊತ್ತದಲ್ಲಿ ಸುಮಾರು 1.60 ಲಕ್ಷ ಕೋಟಿ ಪಿಂಚಣಿಗೇ ಮೀಸಲಾಗಿತ್ತು. ಕಾರ್ಯಪ್ಪ, ತಿಮ್ಮಯ್ಯನವರ ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ಆ ಪಿಂಚಣಿಯಿಂದಲೇ ನಡೆಯುತ್ತಿರುವಾಗ ಅದನ್ನು ಬರೀ ಯುದ್ಧದ ಖರ್ಚೆಂದು ಕರೆಯುವುದು ಸರಿಯಲ್ಲ. ಶಾಲೆಗಳ ವೆಚ್ಚದ ಹೆಚ್ಚಿನ ಪಾಲನ್ನು ಭರಿಸುವುದು ರಾಜ್ಯ. ಕರ್ನಾಟಕದ ಅದೇ ವರ್ಷದ ಬಜೆಟ್‌ನಲ್ಲಿ ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ, ಶಿಕ್ಷಣಕ್ಕೆ ಸುಮಾರು 45 ಸಾವಿರ ಕೋಟಿ ಇತ್ತು. ಹಾಗೆಂದು ಗೃಹಲಕ್ಷ್ಮಿಯನ್ನು ಹಳಿಯಲಾರೆ. ಮಳೆಗಾಲದಲ್ಲಿ ಕೆಲಸ ನಿಂತಾಗ ತೋಟದ ಕಾರ್ಮಿಕರ ಲೈನ್‌ಮನೆಯ ಹೆಣ್ಣುಮಕ್ಕಳಿಗೆ ಆ 2,000 ರೂಪಾಯಿಯೇ ಅಕ್ಕಿ, ಔಷಧಿ.

ನನ್ನ ಅಭಿಪ್ರಾಯದಲ್ಲಿ ನಾವು ಗಟ್ಟಿಯಾಗಿ ಕೇಳಬೇಕಾದದ್ದು, ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡುವುದಾಗಿ 1968ರ ನೀತಿಯಿಂದಲೂ ಹೇಳುತ್ತ ಬಂದ ಮಾತು ಇನ್ನೂ ಏಕೆ ಈಡೇರಿಲ್ಲವೆಂಬುದನ್ನು. ಜೂನ್ ಬಂತೆಂದರೆ ಹೆಂಚು ಸೋರುವ ತರಗತಿಯಲ್ಲಿ ಮಕ್ಕಳು ಬೆಂಚನ್ನು ಒಣಮೂಲೆಗೆ ಎಳೆದುಕೊಂಡು ಕೂರುತ್ತಾರೆ. ಅಂತಹ ಶಾಲೆ ನಿಮ್ಮೂರಿನಲ್ಲಿದ್ದರೆ, ಮನವಿಯಲ್ಲಿ ಸೇರಿಸಲು ದಯವಿಟ್ಟು ಶನಿವಾರದೊಳಗೆ ವಿವರ ಕಳುಹಿಸಿ.