ಹಾಪ್ಸ್ ಹಾಕಿದ ಮೇಲೆ ಬಾಟಲಿಗೆ ಆತುರ ಬೇಡ

ಶಿಡ್ಲಘಟ್ಟ

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಮೆರಿಕದ ಪೋರ್ಟ್‌ಲ್ಯಾಂಡಿನ ಮನೆಯಲ್ಲಿ ನೀನು 19 ಲೀಟರ್ ಬಿಯರ್ ಹುದುಗಲಿಟ್ಟಿರುವುದೂ, ಶುಕ್ರವಾರ ಪರಿಮಳಕ್ಕೆಂದು ಹಾಪ್ಸ್ ಹೂವು ಹಾಕಿ ಭಾನುವಾರವೇ ಬಾಟಲಿಗೆ ತುಂಬಬೇಕೆಂದಿರುವುದೂ ನಿನ್ನ ಪತ್ರದಿಂದ ತಿಳಿಯಿತು. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಇಂಥದ್ದಕ್ಕೆ ಕೈಹಾಕುವಂತಿಲ್ಲ. ಅಲ್ಲಿ 1978ರ ಕಾನೂನೇ ಅವಕಾಶ ಕೊಟ್ಟಿರುವುದರಿಂದ ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಎರಡು ದಿನದ ಲೆಕ್ಕದ ಮೇಲೆ.

ಸಕ್ಕರೆ ಖರ್ಚಾದಂತೆ ಇಳಿಯುವ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್ 1.050ರಿಂದ 1.012ಕ್ಕೆ ಇಳಿದು ನಿಂತಿದೆ, ಗ್ಯಾಸ್ ಹೊರಬಿಡುವ ಏರ್‌ಲಾಕಿನಲ್ಲಿ ಗುಳ್ಳೆಯೂ ಇಲ್ಲ, ಆದ್ದರಿಂದ ಹುದುಗುವುದು ಮುಗಿಯಿತು ಎಂದು ಬರೆದಿದ್ದೀಯೆ. ಪೊರೆ ಬಿಡಲು ಜ್ವರಕ್ಕೆ ಕೂತ ರೇಷ್ಮೆಹುಳು ತಲೆಯೆತ್ತಿ ಅಲುಗಾಡದೆ ಇರುವುದನ್ನು ನಿನ್ನ ತಾತನ ಹುಳುಮನೆಯಲ್ಲಿ ನೀನೇ ನೋಡಿದ್ದೀಯೆ. ಯೀಸ್ಟೂ ಹಾಗೆಯೇ ತಳದಲ್ಲಿ ಸುಮ್ಮನೆ ಕೂತಿದೆಯೇ ಹೊರತು ಸತ್ತಿಲ್ಲ. ಯೀಸ್ಟ್ ತಿನ್ನಲಾರದೆ ಬಿಟ್ಟ ದೊಡ್ಡ ಸಕ್ಕರೆಗಳು ಬಿಯರಿನಲ್ಲಿ ಇನ್ನೂ ಉಳಿದಿವೆ. ಕುದಿಸದೆ ಹಸಿಯಾಗಿ ಹಾಕಿದ ಹಾಪ್ಸಿನಲ್ಲಿ ಪರಿಮಳದ ಎಣ್ಣೆಯ ಜೊತೆಗೆ ಕಿಣ್ವಗಳೂ ಇರುತ್ತವೆ. ಅವು ಆ ಸಕ್ಕರೆಗಳನ್ನು ಸಣ್ಣದಾಗಿ ಕತ್ತರಿಸಿ ಯೀಸ್ಟಿನ ಬಾಯಿಗೆ ಒದಗಿಸುತ್ತವೆ. ಆಗ ನಿಂತಿದ್ದ ಹುದುಗು ಮತ್ತೆ ಹೊರಡುತ್ತದೆ. ಇದನ್ನು ಇಂಗ್ಲೆಂಡಿನ ಬ್ರೌನ್ ಮತ್ತು ಮಾರಿಸ್ 1893ರಲ್ಲೇ ಬರೆದಿಟ್ಟಿದ್ದರು. ಬಹುಕಾಲ ಹೆಚ್ಚು ಜನ ಗಮನಿಸದಿದ್ದ ಆ ಸಂಗತಿಯನ್ನು ಈಚೆಗೆ ಮತ್ತೆ ಕೈಗೆತ್ತಿಕೊಂಡು ಪರೀಕ್ಷಿಸಿದವರಲ್ಲಿ ನಿನ್ನ ಹತ್ತಿರದ ಕೊರ್ವಾಲಿಸ್‌ನ ವಿಶ್ವವಿದ್ಯಾಲಯದವರೂ ಇದ್ದಾರೆ. ನೀನು ತಂದಿರುವ ಕ್ಯಾಸ್ಕೇಡ್ ಹಾಪ್ಸ್ ತಳಿಯೂ ಆ ಊರಿನದೇ.

ಲೆಕ್ಕ ಹಾಕಿ ನೋಡು. 1.012 ಇದ್ದದ್ದು ಬಾಟಲಿಯೊಳಗೆ 1.008ಕ್ಕೆ ಇಳಿದರೆ, ನೊರೆಗೆಂದು ನೀನು ಬೆರೆಸುವ 120 ಗ್ರಾಂ ಸಕ್ಕರೆಯಿಂದ ಹುಟ್ಟುವುದಕ್ಕಿಂತ ಹೆಚ್ಚು ಗ್ಯಾಸ್ ಅದರಿಂದಲೇ ಹುಟ್ಟುತ್ತದೆ, ಮತ್ತು ಎರಡೂ ಸೇರಿದರೆ ಗಾಜು ತಡೆಯುವುದಿಲ್ಲ. ಬ್ರೂವರಿಯ ಲ್ಯಾಬಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪ್ರಯೋಗಕ್ಕೆಂದು ಮಾಡಿದ ಸಣ್ಣ ಬ್ಯಾಚಿಗೆ ಹಾಪ್ಸ್ ಹಾಕುವ ಮುಂಚಿನ ರೀಡಿಂಗನ್ನೇ ನಂಬಿ ಬಾಟಲಿ ತುಂಬಿಸಿದೆ. ಎಂಟನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ರ‍್ಯಾಕಿನ ಮೂರು ಸಾಲು ಪುಡಿಯಾಗಿತ್ತು. ಒಂದು ಬಾಟಲಿಯ ಕತ್ತು ಮುಚ್ಚಳದ ಸಮೇತ ಎದುರುಗೋಡೆಯ ಸುಣ್ಣಕ್ಕೆ ನಾಟಿಕೊಂಡಿತ್ತು. ಆ ಹೊತ್ತಿನಲ್ಲಿ ಒಳಗೆ ಯಾರೂ ಇರದಿದ್ದದ್ದು ನನ್ನ ಪುಣ್ಯ.

ಆದ್ದರಿಂದ ಶುಕ್ರವಾರ ಹಾಪ್ಸ್ ಹಾಕು. ಲೀಟರಿಗೆ ನಾಲ್ಕು ಗ್ರಾಮಿನಂತೆ ಸುಮಾರು 75 ಗ್ರಾಂ ಸಾಕು, ಹೆಚ್ಚಾದರೆ ಹಸಿಹುಲ್ಲಿನ ವಾಸನೆ ಬರುತ್ತದೆ. ಮುಚ್ಚಳವನ್ನು ಬೇಗ ಮುಚ್ಚು, ಸೌಟಿನಿಂದ ಕಲಕಬೇಡ. ಈ ಹಂತದಲ್ಲಿ ಗಾಳಿ ಸೇರಿದರೆ ಪರಿಮಳವೂ ಹೋಗಿ ಬಣ್ಣವೂ ಕಂದುತ್ತದೆ. ಮೂರು ದಿನವಾದ ಮೇಲೆ, 20 ಡಿಗ್ರಿಯ ಆಸುಪಾಸಿನಲ್ಲೇ ಇಟ್ಟುಕೊಂಡು, ದಿನಕ್ಕೊಮ್ಮೆ ರೀಡಿಂಗ್ ತೆಗೆದು ಬರೆದಿಡು. ಮೂರು ದಿನ ಒಂದೇ ಅಂಕಿ ಬಂದರೂ ಸ್ವಲ್ಪ ಬಿಯರನ್ನು ಲೋಟದಲ್ಲಿ ಮುಚ್ಚಿ, ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ, ಆರಿಸಿ ಮೂಸು. ಬೆಣ್ಣೆಯ ವಾಸನೆ ಬಂದರೆ ಯೀಸ್ಟಿನ ಕೆಲಸ ಇನ್ನೂ ಬಾಕಿ ಇದೆ, ಕಾಯಬೇಕು. ಬರದಿದ್ದರೆ ಎರಡು ದಿನ ಫ್ರಿಜ್ಜಿನಲ್ಲಿಟ್ಟು ಹಾಪ್ಸ್ ತಳಕ್ಕೆ ಕೂತ ಮೇಲೆ, ಪೈಪಿನ ತುದಿಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ತುಂಬು.

ಭಾನುವಾರ ಬರುವ ಸ್ನೇಹಿತರಿಗೆ ಅಂಗಡಿಯಿಂದ ತಂದದ್ದನ್ನು ಕೊಡು. ರೀಡಿಂಗ್ ಬರೆದ ಹಾಳೆಯ ಫೋಟೋ ತೆಗೆದು ನನಗೆ ಕಳಿಸು. ನೋಡಿ ಹೇಳುವವರೆಗೆ ಒಂದು ಬಾಟಲಿಗೂ ಮುಚ್ಚಳ ಒತ್ತಬೇಡ.

ಇತಿ,
ನಿನ್ನ ಸೋದರಮಾವ