ಸುರಂಗದ ಜಾಗ ಮತ್ತು ಅಪ್ಪನ ಶುಗರು

ಪ್ರೀತಿಯ ಗೆಳೆಯಾ,

ಹೊಟ್ಟೆ ಹಸಿದರೆ ಕೈದಿಗಳ ಅರ್ಜಿ ತಳ್ಳಿಹಾಕುತ್ತಾರೆ ಅನ್ನುವ, ನೀನು ಕಳಿಸಿದ ಆ ಜಡ್ಜ್‌ಗಳ ಕಥೆ ಓದಿದೆ. "ಹಸಿದವನ ಹತ್ತಿರ ನ್ಯಾಯ ಕೇಳಬಾರದು ಮಾರಾಯ" ಅಂತ ಕೆಳಗೆ ಬರೆದಿದ್ದೆಯಲ್ಲ, ಅದು ತಲೆಯಿಂದ ಹೋಗಲೇ ಇಲ್ಲ. ಫೋನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀ. ಹಾಗಾಗಿ ಪತ್ರ. ನಾಲ್ಕು ಜನ ಓದಲಿ ಅಂತಲೇ ಹಾಕುತ್ತಿದ್ದೇನೆ. ಮನೆಯಲ್ಲಿ ಶುಗರಿನ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಉಪಯೋಗಕ್ಕೆ ಬರಬಹುದು. ನಮ್ಮ ಕಾಸರಗೋಡಿನ ಕಡೆ ಯಾರ ಮನೆಯಲ್ಲಿ ಇಲ್ಲ ಹೇಳು? 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯಲ್ಲಿ ಕೇರಳದ ಶುಗರಿನವರ ಲೆಕ್ಕ 25.5 ಶೇಕಡ. ದೊಡ್ಡವರಲ್ಲಿ ನಾಲ್ವರಿಗೆ ಒಬ್ಬರು.

ಮೊದಲು ಜಡ್ಜ್‌ಗಳ ವಿಷಯ. ಅದು 2011ರ ಅಧ್ಯಯನ. ಇಸ್ರೇಲಿನ ಜೈಲುಗಳ ಪೆರೋಲ್ ಅರ್ಜಿಗಳು (ಅವಧಿಗೆ ಮೊದಲೇ ಬಿಡಿ ಅಂತ ಕೇಳುವುದು), ಸಾವಿರಕ್ಕೂ ಜಾಸ್ತಿ ತೀರ್ಪುಗಳು. ಕಲಾಪ ಶುರುವಾದಾಗ ಸುಮಾರು 65 ಶೇಕಡ ಅರ್ಜಿಗಳಿಗೆ ಒಪ್ಪಿಗೆ ಸಿಗುತ್ತದೆ. ವಿರಾಮ ಹತ್ತಿರವಾದ ಹಾಗೆ ಅದು ಸೊನ್ನೆಯ ಹತ್ತಿರ ಇಳಿಯುತ್ತದೆ. ತಿಂದು ಬಂದ ಮೇಲೆ ಮತ್ತೆ 65. ಓದಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಮುಂದಿನ ಕಥೆ ನೀನು ಕಳಿಸಿದ್ದರಲ್ಲಿ ಇಲ್ಲ. ಅದೇ ವರ್ಷ ಬೇರೆಯವರು ತಕರಾರು ಎತ್ತಿದರು. ವಕೀಲರಿಲ್ಲದ ಕೈದಿಗಳ ಸರದಿ ಹೆಚ್ಚಾಗಿ ವಿರಾಮದ ಮೊದಲು, ಕೊನೆಕೊನೆಗೆ ಬರುತ್ತಿತ್ತಂತೆ. ವಕೀಲ ಇಲ್ಲದವನ ಅರ್ಜಿ ಬಿದ್ದುಹೋಗುವುದು ಜಾಸ್ತಿ. ಅದಕ್ಕೆ ಜಡ್ಜ್‌ನ ಹೊಟ್ಟೆಯನ್ನು ದೂರಿ ಪ್ರಯೋಜನ ಉಂಟಾ?

ಮನಸ್ಸಿನ ಹಿಡಿತ ಅನ್ನುವುದು ಟ್ಯಾಂಕಿನಲ್ಲಿರುವ ಪೆಟ್ರೋಲಿನ ಹಾಗೆ, ಬಳಸಿದಷ್ಟೂ ಖಾಲಿಯಾಗುತ್ತದೆ ಅನ್ನುವ ವಾದವೂ ಹಾಗೆಯೇ. 1998ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಜೊತೆಯವರು ಕೆಲವರ ಎದುರು ಬಿಸಿ ಚಾಕೊಲೇಟ್ ಬಿಸ್ಕತ್ತು ಇಟ್ಟು, ತಿನ್ನಲಿಕ್ಕೆ ಮಾತ್ರ ಮೂಲಂಗಿ ಕೊಟ್ಟರು. ಆಸೆ ತಡೆದುಕೊಂಡ ಆ ಪಾಪದವರು ಆಮೇಲೆ ಕೊಟ್ಟ ಒಗಟನ್ನು ಬೇಗ ಕೈಬಿಟ್ಟರು. 2007ರಲ್ಲಿ, ಆ ಟ್ಯಾಂಕಿನಲ್ಲಿ ಇರುವುದು ರಕ್ತದ ಸಕ್ಕರೆಯೇ, ಸಕ್ಕರೆ ಹಾಕಿದ ಲಿಂಬೆ ಶರಬತ್ತು ಕುಡಿದರೆ ಹಿಡಿತ ವಾಪಸ್ ಬರುತ್ತದೆ ಅಂದರು. ಆಮೇಲೆ ಬೇರೆಯವರು ನೋಡಿದರೆ ಸಿಹಿ ನೀರನ್ನು ಬಾಯಿ ಮುಕ್ಕಳಿಸಿ ಉಗುಳಿದರೂ ಸಾಕು! ಉಗುಳಿದ ಸಕ್ಕರೆ ರಕ್ತಕ್ಕೆ ಹೋಗುವುದಾದರೂ ಹೇಗೆ? 2016ರಲ್ಲಿ 23 ಲ್ಯಾಬ್‌ಗಳು ಸೇರಿ, ಎರಡು ಸಾವಿರಕ್ಕೂ ಮಿಕ್ಕಿ ಜನರ ಮೇಲೆ, ಈ 'ಖಾಲಿಯಾಗುವುದನ್ನು' ಪರೀಕ್ಷಿಸಿದಾಗ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ.

ನನ್ನ ಅಮ್ಮನನ್ನು ನೋಡಿದವರಿಗೆ ಇದು ಹೊಸತಲ್ಲ. ಏಕಾದಶಿ ದಿನ ಊಟ ಬಿಟ್ಟು, ಸಂಜೆ ಅಡಿಕೆ ಸುಲಿದವರ ಲೆಕ್ಕವನ್ನು ಒಂದು ರೂಪಾಯಿ ತಪ್ಪದೆ ಮುಗಿಸುತ್ತಾಳೆ. ಉಳಿದ ದಿನಗಳಲ್ಲೂ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳು ಅವಳೇ. ಸರಿಯಿರುವ ದೇಹ ಒಂದು ಹೊತ್ತಿನ ಹಸಿವಿಗೆ ಸಕ್ಕರೆ ಇಳಿಯಲು ಬಿಡುವುದಿಲ್ಲ, ಲಿವರ್ ತನ್ನ ದಾಸ್ತಾನಿನಿಂದ ಬಿಡುತ್ತಾ ಇರುತ್ತದೆ.

ಅಪ್ಪನ ವಿಷಯ ಬೇರೆ. ಅವರು ತೆಗೆದುಕೊಳ್ಳುವುದು ಗ್ಲಿಮೆಪಿರೈಡ್. ತಿಂದಿರಲಿ, ಬಿಟ್ಟಿರಲಿ, ಆ ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಊಟ ತಡವಾದರೆ ಸಕ್ಕರೆ ಸುಮ್ನೆ ಜಾರುತ್ತದೆ. 70ರ ಕೆಳಗೆ ಹೋದರೆ ಲೋ. 54ರ ಕೆಳಗೆ ಮೆದುಳಿಗೇ ಸಾಕಾಗುವುದಿಲ್ಲ. ದೇಹ ಖರ್ಚು ಮಾಡುವುದರಲ್ಲಿ ಐದನೇ ಒಂದು ಪಾಲು ಮೆದುಳಿಗೇ ಬೇಕು. ಆದರೆ ಅಲ್ಲಿ ಕೂಡಿಟ್ಟದ್ದು ಅಂತ ಹೆಚ್ಚೇನೂ ಇಲ್ಲ.

ಕಳೆದ ತಿಂಗಳು ನಮ್ಮಲ್ಲಿ ಆಸ್ತಿ ಪಾಲಿನ ಮಾತುಕತೆ ಆಯಿತು. ದೊಡ್ಡಪ್ಪ, ಅತ್ತೆಯಂದಿರು, ಊರಿನ ಹಿರಿಯರು, ಎಲ್ಲ ಜಗಲಿಯಲ್ಲಿ. ಬಂದವರಿಗೆಲ್ಲ ಬೆಲ್ಲ ನೀರು ಕೊಟ್ಟಾಯಿತು. ಶುಗರು ಅಂತ ಅಪ್ಪ ಬೆಲ್ಲ ಮುಟ್ಟಲಿಲ್ಲ. ಬೆಳಿಗ್ಗೆ ಎರಡು ನೀರುದೋಸೆ, ಮಾತ್ರೆ, ಅಷ್ಟೇ. "ಇದೊಂದು ಮುಗಿಯಲಿ, ಆಮೇಲೆ ಊಟ" ಅಂತ ಎಲ್ಲರೂ ಹೇಳುತ್ತಾ ಎರಡೂವರೆ ಗಂಟೆಯಾಯಿತು. ಉಳಿದದ್ದು ಸುರಂಗ ಇರುವ ಜಾಗ ಒಂದೇ. ನಿನಗೆ ಗೊತ್ತುಂಟಲ್ಲ, ಅಜ್ಜ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಸಿದ್ದು. ಪಂಪೂ ಬೇಡ, ಕರೆಂಟೂ ಬೇಡ. ಊರಿನ ಬೋರ್‌ವೆಲ್‌ಗಳು ಕೈಕೊಡುವ ಎಪ್ರಿಲಿನಲ್ಲೂ ನೀರು ತಾನಾಗಿ ಹರಿದು ಬರುತ್ತದೆ. ಆಗ ಅಪ್ಪ ಇದ್ದಕ್ಕಿದ್ದ ಹಾಗೆ ಹೇಳಿದರು: "ಅದು ಅಣ್ಣನಿಗೇ ಇರಲಿ. ನನಗೆ ಎಂತದೂ ಬೇಡ."

ಹಿರಿಯರೊಬ್ಬರು "ತಮ್ಮ ಅಂದರೆ ಹೀಗಿರಬೇಕು" ಅಂದರು. ಅತ್ತೆ ಕಣ್ಣೊರೆಸಿಕೊಂಡರು. ನಾನು ನೋಡುತ್ತಿದ್ದದ್ದು ಅಪ್ಪನ ಕೈ. ಕನ್ನಡಕವನ್ನು ಅಂಗಿಯ ಕಿಸೆಗೆ ಹಾಕಲು ನೋಡುತ್ತಿದ್ದರು. ಅದು ಕಿಸೆಯ ಹೊರಗೇ ಜಾರುತ್ತಿತ್ತು. ಮತ್ತೆ ಹಾಕುವುದು, ಮತ್ತೆ ಜಾರುವುದು. ಮೇಲ್ತುಟಿಯ ಮೇಲೆ ಬೆವರು. ಬೆರಳು ಚುಚ್ಚಿ ನೋಡಿದರೆ 48. ಅಮ್ಮ ಓಡಿಬಂದು ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದಳು. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದಾಗ 81. ಕೈಗೆಟುಕುವಷ್ಟು ದೂರದಲ್ಲಿ ಬೆಲ್ಲದ ತಟ್ಟೆ ಹಾಗೇ ಇತ್ತು.

ಬ್ರಿಟನ್ನಿನ ಲೈಸೆನ್ಸ್ ಇಲಾಖೆಯ ಒಂದು ನಿಯಮ ಓದಿದೆ. ಲೋ ಆದವರು, ಸಕ್ಕರೆ ಸರಿಯಾದ ಮೇಲೂ 45 ನಿಮಿಷ ಗಾಡಿ ಬಿಡಬಾರದು. ಮೆದುಳು ಸುಧಾರಿಸಲಿಕ್ಕೆ ಅಷ್ಟು ಹೊತ್ತು ಬೇಕು. ಗಾಡಿ ಬಿಡಬಾರದ ಹೊತ್ತಲ್ಲಿ ಜಾಗ ಬಿಟ್ಟುಕೊಡಬಹುದಾ? ಇದನ್ನೇ ಹಿಡಿದುಕೊಂಡು ನಾನು ಮನೆಯಲ್ಲಿ ವಾದ ಮಾಡುತ್ತಿದ್ದೇನೆ. ವಾದ ಸರಿಯೇ ಇದೆ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆದರೆ ನಿನ್ನ ಹತ್ತಿರ ಅರ್ಧ ಹೇಳಿ ಅಭ್ಯಾಸ ಇಲ್ಲ. ನನಗೆ ಆ ಜಾಗ ಬೇಕು ಮಾರಾಯ. ಆ ನೀರು ಬೇಕು. ಅದೇ 48 ಇರುವಾಗ ಅಪ್ಪ "ಸುರಂಗ ನನ್ನದು, ಬಿಡುವುದಿಲ್ಲ" ಅಂದಿದ್ದರೆ ನಾನು ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ಅದು ಅಪ್ಪನದೇ ಮಾತು ಅಂತ ಖುಷಿಯಲ್ಲಿ ಒಪ್ಪಿಕೊಳ್ಳುತ್ತಿದ್ದೆ. ನನಗೆ ಬೇಡದ ಮಾತು ಬಂದದ್ದಕ್ಕೇ ಅಲ್ವಾ ಅದು ಶುಗರಿನ ಮಾತು ಆದದ್ದು? ಅಪ್ಪ ಅಣ್ಣನಿಗೆ ಎದುರಾಡಿದ್ದನ್ನು ನಾನು ನೋಡಿಯೇ ಇಲ್ಲ. ತುಂಬಿದ ಹೊಟ್ಟೆಯಲ್ಲೂ ಅವರು ಅದನ್ನೇ ಹೇಳಬಹುದಿತ್ತು. ಇದು ನನಗೆ ಚೆನ್ನಾಗಿ ಗೊತ್ತು, ರಾತ್ರಿ ಎಚ್ಚರವಾದರೆ ಮೊದಲು ನೆನಪಾಗುವುದೂ ಇದೇ.

ಒಂದು ಸಂಜೆ ಕೇಳಿಯೇ ಬಿಟ್ಟೆ: "ಅಪ್ಪ, ಆ ದಿನ ಹೇಳಿದ್ದು ನೆನಪುಂಟಾ?" ಪೇಪರಿನಿಂದ ತಲೆ ಎತ್ತಿ ಹೇಳಿದರು: "ಹೇಳಿದ್ದು ನೆನಪುಂಟು. ಯಾಕೆ ಹೇಳಿದೆ ಅಂತ ನೆನಪಿಲ್ಲ." ಮತ್ತೆ ಪೇಪರು. ನನಗೆ ಮುಂದೆ ಕೇಳಲು ಧೈರ್ಯ ಬರಲಿಲ್ಲ. ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವ ಜನ ಅಲ್ಲ ಅವರು. ನಾನು ಜಾಸ್ತಿ ಕೇಳಿದರೆ, ಕೊಡಲು ಮನಸ್ಸಿಲ್ಲದಿದ್ದರೂ "ಕೊಟ್ಟದ್ದು ಕೊಟ್ಟದ್ದೇ" ಅಂದುಬಿಡುತ್ತಾರೆ.

ಕಾಗದ ಇನ್ನೂ ರಿಜಿಸ್ಟರ್ ಆಗಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ, 48 ಅನ್ನುವುದನ್ನೂ. ಇನ್ನೊಮ್ಮೆ ಕೂತುಕೊಳ್ಳುವ, ಈ ಸಲ ಊಟ ಆದ ಮೇಲೆ, ಅಪ್ಪ ಏನು ಹೇಳಿದರೂ ನಾನು ಬಾಯಿ ಬಿಡುವುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮಲ್ಲಿಗೇ ಬನ್ನಿ, ಪಾಯಸ ಮಾಡಿಸುತ್ತೇನೆ" ಅಂದರು. ಆಮೇಲೆ ಅವರೇ ನಕ್ಕು, "ತಮ್ಮನಿಗೆ ಅರ್ಧ ಲೋಟ ಮಾತ್ರ" ಅಂದರು.

ಸಾಕು, ಜಾಸ್ತಿ ಆಯಿತು. ನೀನೂ ಆ ದಿನಕ್ಕೆ ಬಾ.  ಬಸ್ಸಿನಲ್ಲಿ ಬಂದರೆ ಕುಂಬಳೆಯಲ್ಲಿ ಇಳಿ, ನಾನು ಬೈಕ್ ತರುತ್ತೇನೆ. ಬರುವುದಾದರೆ ಎರಡು ದಿನ ಮೊದಲೇ ಹೇಳು. ಅಮ್ಮನಿಗೆ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯಲಿಕ್ಕುಂಟು.

ನಿನ್ನವ